ಚಿನ್ನಮ್ಮನ ಮನೆ ಹೆಪ್ಪು

ಬೇರಿಕೆ
8 ಡಿಸೆಂಬರ್ 2024, ಭಾನುವಾರ

ಮುದ್ದು ನಾದಿನಿ ಶಾಂತಿಗೆ,

ನಿನ್ನ ಅತ್ತಿಗೆ ಕಲ್ಪನಾ ಮಾಡುವ ಆಶೀರ್ವಾದಗಳು. ಜೊತೆಗೆ ಒಂದು ಗುದ್ದೂ ಇದೆ, ಅದು ನೀನು ಬಂದಾಗ. ಇವತ್ತು ಭಾನುವಾರ, ನೀನು ಬರಲಿಲ್ಲ. ಫೋನಿನಲ್ಲಿ ವಿಶ್ವಕೋಶ ಎಂದ ಕೂಡಲೇ "ಅತ್ತಿಗೆ, ಹಾಲು ಉಕ್ತಾ ಐತೆ" ಅಂತ ಇಟ್ಟುಬಿಡುತ್ತೀಯ. ನಿನ್ನ ಗಂಡನ ಮನೆ ಮೂಕಂಡಪಲ್ಲಿಯಲ್ಲಿ ಅದೆಷ್ಟು ಹಾಲು ಉಕ್ಕುತ್ತದೆಯೋ! ಅದಕ್ಕೇ ಕಾಗದ ಬರೆದು ನಿಮ್ಮಣ್ಣನ ಕೈಲಿ ಕಳಿಸುತ್ತಿದ್ದೇನೆ. ಇದನ್ನು ಕಟ್ ಮಾಡಲು ಆಗುವುದಿಲ್ಲ.

ಅಂತರ್ಜಾಲದ ವಿಶ್ವಕೋಶಕ್ಕೆ ಕನ್ನಡದಲ್ಲಿ ವಿಜ್ಞಾನದ ಲೇಖನ ಬರೆಯೋಣ ಅಂತ ಶುರು ಮಾಡಿದವಳು ನೀನು. ಡೈರಿಯ ಲ್ಯಾಬಿನಲ್ಲಿ ಹಾಲು ಪರೀಕ್ಷೆ ಮಾಡುವವಳಿಗೆ ವಿಷಯಕ್ಕೆ ಬರವಿಲ್ಲ. ಆದರೆ ನೀನು ಓದಿದ್ದೆಲ್ಲ ತಮಿಳಿನಲ್ಲಿ. ನಾನು ಕನ್ನಡ ಶಾಲೆಯವಳು. ನನಗೆ ಸೂಕ್ಷ್ಮಜೀವಿ ಎಂದರೆ ಪರೀಕ್ಷೆಯಲ್ಲಿ ಬರೆದು ಮರೆತ ಮಾತು. ನೀನು ಹೇಳುವುದು, ನಾನು ಬರೆಯುವುದು. ಖಾತೆಗೆ ಹೆಸರು ಕೇಳಿದಾಗ ನಿನ್ನ ತಾಯಿ, ನನ್ನ ಅತ್ತೆಯ ಹೆಸರನ್ನೇ ಕೊಟ್ಟೆವು: 'ಚಿನ್ನಮ್ಮನ ಮನೆ'. ಒಂದೇ ಒಲೆಯ ಮುಂದೆ ಅಡುಗೆ ಮಾಡಿಕೊಂಡಿದ್ದ ನಮಗೆ, ಒಂದು ಖಾತೆಗೆ ಒಬ್ಬರೇ ಇರಬೇಕೆಂಬ ನಿಯಮ ಎಲ್ಲಿಂದ ಹೊಳೆಯಬೇಕು?

'ಹಾಲು ಹೆಪ್ಪುಗಟ್ಟುವಿಕೆ' ಲೇಖನ ನೋಡಿ ಪರಿಶೀಲಕ ರಘುನಾಥ್ ಚರ್ಚಾಪುಟದಲ್ಲಿ ಕೇಳಿದರಲ್ಲ: ಚಿನ್ನಮ್ಮನವರೇ, ಅರ್ಧ ಲೇಖನ ಒಂದು ಶೈಲಿಯಲ್ಲಿದೆ, ಇನ್ನರ್ಧ ಬೇರೆ, ಯಾವುದಾದರೂ ಪುಸ್ತಕದಿಂದ ನಕಲು ಮಾಡಿದ್ದೀರಾ? ವಿವರಣೆ ಕೊಡದಿದ್ದರೆ ನಿಮ್ಮ ಲೇಖನಗಳನ್ನೆಲ್ಲ ತೆಗೆಯಬೇಕಾಗುತ್ತದೆ. ನಿಮ್ಮಣ್ಣ ಅದನ್ನು ಗಟ್ಟಿಯಾಗಿ ಓದಿ, "ಅಮ್ಮಾ, ನಿನ್ ಮ್ಯಾಲೆ ಕಳ್ತನದ ಕೇಸ್ ಬಿದ್ದೈತೆ" ಅಂದರು. ಅತ್ತೆ ಅವರೆಕಾಯಿ ಸುಲಿಯುವುದು ಬಿಟ್ಟು, "ನಾನ್ ಯಾರ್ ಮನೇದ್ಲಾ ಕದ್ದೆ? ಕರ್ಕಂಬಾ ಅವ್ನ, ಕಾಪಿ ಕುಡಿಸಿ ಕೇಳ್ತೀನಿ" ಅಂತ ಎದ್ದೇ ನಿಂತರು. ನಾವೆಲ್ಲ ನಕ್ಕೆವು. ನೀನು ಮಾತ್ರ ಚಪ್ಪಲಿ ಮೆಟ್ಟಿ ಬಸ್ಸಿಗೆ ಹೊರಟುಬಿಟ್ಟೆ. ನಿನ್ನ ತಮಿಳು ಬೆರೆತ ಕನ್ನಡದಿಂದಲೇ ಎಲ್ಲ ಕೆಟ್ಟಿತು ಅಂತ ನಿನ್ನ ಮನಸ್ಸಿಗೆ ಹತ್ತಿತ್ತು.

ಆಮೇಲಿನದು ನಿನಗೆ ಪೂರ್ತಿ ಗೊತ್ತಿಲ್ಲ. ಆ ಸಂಜೆ ಮನೆ ಸೇರಿ ನೀನು ರಘುನಾಥ್ ಅವರಿಗೆ ಉತ್ತರ ಬರೆದೆ: ಇದೆಲ್ಲ ನಮ್ಮ ಅತ್ತಿಗೆಯದು, ನಡುವೆ ಕೈಹಾಕಿ ಕೆಡಿಸಿದವಳು ನಾನು, ಅವರ ಲೇಖನ ಉಳಿಸಿ, ನಾನಿನ್ನು ಬರೆಯುವುದಿಲ್ಲ. ಬರೆದು ಖಾತೆಯಿಂದ ಹೊರಗೆ ಹೋದೆ. ಅದನ್ನು ನೋಡದೆ ನಾನೂ ಬರೆದೆ: ಇದೆಲ್ಲ ನಮ್ಮ ನಾದಿನಿಯದು, ನಾನು ಬರೀ ಒತ್ತಕ್ಷರ ನೋಡುವವಳು, ಅವಳದನ್ನು ತೆಗೆಯಬೇಡಿ. ಒಂದೇ ಖಾತೆಯಿಂದ, ಒಂದರ ಕೆಳಗೊಂದು! ಒಬ್ಬಳೇ ಚಿನ್ನಮ್ಮ, ತನಗೆ ತಾನೇ ಅತ್ತಿಗೆ, ತನಗೆ ತಾನೇ ನಾದಿನಿ. ಆ ಮನುಷ್ಯ ಎಷ್ಟು ನಕ್ಕಿರಬೇಕು.

ಉತ್ತರ ಬಂದಿದೆ ಕಣೆ. ಇಬ್ಬರು ಬರೆದದ್ದು, ನಕಲಲ್ಲ ಅಂತ ಒಪ್ಪಿದ್ದಾರೆ. ಲೇಖನಗಳು ಉಳಿಯುತ್ತವೆ. ಆದರೆ ಹಳೆ ಖಾತೆಯಲ್ಲಿ ಒಬ್ಬರೇ ಇರಬೇಕು, ಇನ್ನೊಬ್ಬರು ತಮ್ಮ ಹೆಸರಿನಲ್ಲಿ ಬೇರೆ ತೆರೆಯಬೇಕು. ಕೊನೆಯಲ್ಲಿ ಇನ್ನೊಂದು ಸಾಲಿದೆ: ಬ್ಯಾಕ್ಟೀರಿಯಾದ ಭಾಗ ಬರೆದವರು ದಯವಿಟ್ಟು ನಿಲ್ಲಿಸಬಾರದು. ಅದು ನಿನ್ನ ಭಾಗ, ಶಾಂತಿ.

ಓದಿ ಕುಣಿಯುವಷ್ಟು ಸಂತೋಷವಾಯಿತು, ಹಿಂದೆಯೇ ಹೆದರಿಕೆಯೂ ಆಯಿತು. ಯಾಕೆಂದು ಹೇಳುತ್ತೇನೆ, ನಗಬೇಡ. ಈಚೆಗೆ ನಿನ್ನ ಬರಹದಲ್ಲಿ ನಾನು ತಿದ್ದುವುದಕ್ಕೆ ಏನೂ ಇರುತ್ತಿರಲಿಲ್ಲ. ಅಲ್ಲೊಂದು ಅಲ್ಪವಿರಾಮ ಇಟ್ಟು, ಮತ್ತೆ ತೆಗೆದು, ದೊಡ್ಡ ಕೆಲಸ ಮಾಡಿದವಳಂತೆ ಸೊಂಟ ನೀವಿಕೊಳ್ಳುತ್ತಿದ್ದೆ. ನಾನು ಬೇಕಾಗಿಲ್ಲ ಅಂತ ನಿನಗೆ ಗೊತ್ತಾಗಿ, ಭಾನುವಾರದ ಬಸ್ಸು ಹತ್ತುವುದನ್ನೇ ಬಿಟ್ಟರೆ? ಮದುವೆಯಾಗಿ ಹೋದ ಹುಡುಗಿ ವಾರವಾರವೂ ತವರಿಗೆ ಬರಲು ನಮ್ಮ ಲೇಖನವೊಂದು ನೆಪವಾಗಿತ್ತು. ಆ ನೆಪ ನನಗೇ ಹೆಚ್ಚು ಬೇಕಿತ್ತು.

ಅತ್ತೆಗೆ ಇದನ್ನೆಲ್ಲ ಹೇಳಿದೆ. "ಬ್ಯಾರೆ ಒಲೆ ಹೂಡಿದ್ರೆ ಮನೆ ಒಡ್ದೋಯ್ತದಾ ಕಲ್ಪನಾ? ಮೊದ್ಲು ಅವ್ಳಿಗೆ ಹೆಪ್ಪು ಕಳ್ಸು" ಅಂದರು. ಹೊಸದಾಗಿ ಸಂಸಾರ ಹೂಡುವವರಿಗೆ ಈ ಮನೆಯ ಮೊಸರನ್ನೇ ಹೆಪ್ಪಿಗೆ ಕೊಟ್ಟು ಕಳಿಸುತ್ತಾರಲ್ಲ, ಹಾಗೆ. ಕಾಗದದ ಜೊತೆ ಸಣ್ಣ ಡಬ್ಬಿ ಇದೆ. ಜಗನ್‌ಗೆ ಅನ್ನಕ್ಕೆ ಕಲಸಿಕೊಟ್ಟುಬಿಡಬೇಡ, ಪಾಪ, ನಿನ್ನ ಗಂಡನಿಗೆ ಅದು ಹೆಪ್ಪೋ ಮೊಸರೋ ಗೊತ್ತಾಗುವುದಿಲ್ಲ. ಇವತ್ತೇ ನಿನ್ನ ಹೆಸರಿನಲ್ಲಿ ಖಾತೆ ತೆರೆ. ನಿನ್ನ ಕನ್ನಡದಲ್ಲಿ ತಮಿಳು ಇದ್ದರೆ ಇರಲಿ. ತಮಿಳುನಾಡಿನ ಈ ಗಡಿ ಸೀಮೆಯಲ್ಲಿ ಯಾರ ಕನ್ನಡದಲ್ಲಿ ಇಲ್ಲ?

ನೀನು ಬರೆಯುವುದನ್ನು ಬಿಟ್ಟರೆ ನನಗೆ ನಿಜವಾಗಿಯೂ ದುಃಖವಾಗುತ್ತದೆ. ಭಾನುವಾರ ನೆಪವಿಲ್ಲದೆಯೂ ಬಾ, ನಿನಗಾಗಿ ಹಿತಕವರೆ ಎತ್ತಿಟ್ಟಿದ್ದೇನೆ.

ನಿನ್ನ ದಾರಿ ನೋಡುತ್ತಿರುವ ಅತ್ತಿಗೆ,
ಕಲ್ಪನಾ

ತಾ.ಕ.: ಹಳೆ ಖಾತೆಯ ಪ್ರಯೋಗಪುಟದಲ್ಲಿ ಒಂದು ಕರಡು ಇಟ್ಟಿದ್ದೇನೆ, ಇನ್ನೂ ಲೇಖನಕ್ಕೆ ಸೇರಿಸಿಲ್ಲ. ಮೊದಲ ಸಾಲೇ ಹೀಗಿದೆ: "ಹಾಲು ಕೊತಕೊತ ಕುದಿಯುತ್ತಿರುವಾಗಲೇ ಹೆಪ್ಪು ಹಾಕಬೇಕು." ನಿನ್ನ ಬ್ಯಾಕ್ಟೀರಿಯಾಗಳೆಲ್ಲ ಅಲ್ಲಿ ಬೆಂದು ಸಾಯುತ್ತಿವೆ. ಬೇಕೆಂದೇ ಬರೆದದ್ದು, ನಾನಂತೂ ತಿದ್ದುವುದಿಲ್ಲ. ನಿನ್ನ ಹೆಸರಿನಲ್ಲಿ ಬಂದು ನೀನೇ ತಿದ್ದು.