ಅರ್ಧಕ್ಕೆ ನಿಂತ ಬೀಗರ ಪದ

ಭಾಲ್ಕಿ,
ನವೆಂಬರ್ ೧೪, ರಾತ್ರಿ ಎರಡೂವರೆ

ಪ್ರೀತಿಯ ಅವ್ವ,

ತೊಟ್ಟಿಲಿಗೆ ಕಟ್ಟಿದ ಗಿಲಕಿಯ ಸದ್ದಿಗೆ ಎಚ್ಚರವಾಯಿತು. ಎಚ್ಚರವೇನು ಬಂತು, ಗೋಡೆಗೆ ಆತು ಕಣ್ಣು ಮುಚ್ಚಿದ್ದೆ ಅಷ್ಟೆ. ಯಾರು ತೊಟ್ಟಿಲು ತೂಗುತ್ತಿದ್ದಾರೆಂದು ನೋಡಿದರೆ ಬೆಕ್ಕು! ನೀನು ಕೌದಿ ಹಾಸಿ ಸಿಂಗರಿಸಿದ ತೊಟ್ಟಿಲಲ್ಲಿ ಮಹಾರಾಣಿಯಂತೆ ಮಲಗಿದೆ. ನಿನ್ನ ಮೊಮ್ಮಗಳು ಮಾತ್ರ ನನ್ನ ತೊಡೆಯ ಮೇಲೆ. ಹಾಸಿಗೆಗೆ ಇಳಿಸಿದರೆ ಕಿರುಚುತ್ತಾಳೆ, ತೊಟ್ಟಿಲಿಗೆ ಹಾಕುವಂತಿಲ್ಲ. ಯಾಕೆ ಹಾಕುವಂತಿಲ್ಲ ಎಂಬುದು ನಿನಗೇ ಗೊತ್ತು.

ನೀನು ಹೇಗಿದ್ದೀ? ಮೊಣಕಾಲು ಹೇಗಿದೆ? ಸಿಟ್ಟಿನಲ್ಲಿ ಔರಾದದ ಬಸ್ಸು ಹತ್ತಿದವಳು ಸಕ್ಕರೆ ಕಾಯಿಲೆಯ ಗುಳಿಗೆ ಇಲ್ಲೇ ಬಿಟ್ಟು ಹೋಗಿದ್ದೀ. ನಿನ್ನ ಫೋನಂತೂ ಬಂದ್. ಅದಕ್ಕೇ ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು, ಫೋಟೊ ತೆಗೆದು ತಮ್ಮ ಅನೀಲಕುಮಾರನ ಮೊಬೈಲಿಗೆ ಹಾಕುತ್ತೇನೆ. ಅವನು ರಾತ್ರಿಯೆಲ್ಲ ಮೊಬೈಲ್ ನೋಡುತ್ತಾನೆಂದು ನೀನೇ ಬೈಯುತ್ತೀಯಲ್ಲ, ಒಂದು ದಿನವಾದರೂ ಅದು ಉಪಯೋಗಕ್ಕೆ ಬರಲಿ.

ಅವ್ವ, ಬೀಗರ ಪದ ಹಾಡುವುದೇ ಬೈದಾಡುವುದಕ್ಕೆ, ಇದನ್ನು ನಾನು ನಿನಗೆ ಹೇಳಿಕೊಡಬೇಕೇ? ನಿನ್ನೆ ಕೂಸಿಗೆ ಹೆಸರಿಡುವ ಕಾರ್ಯದಲ್ಲಿ ತೊಟ್ಟಿಲ ಈ ಕಡೆ ನಮ್ಮವರು, ಆ ಕಡೆ ಇವರ ಕಡೆಯವರು. ಮೊದಲು ಬಾಯಿ ತೆಗೆದವಳು ನೀನು:

ಬೀಗತಿಯ ಸಾರಾಗ ಬ್ಯಾಳಿ ಹುಡುಕಲಿಕ್ಕ
ಈಜ ಬಲ್ಲವರ ಕರಿಸೇವ

ಎಲ್ಲರೂ ಬಿದ್ದು ಬಿದ್ದು ನಕ್ಕರು. ಪಕ್ಕದ ಮನೆಯ ಮರಿಯಮಬೀಯಂತೂ ಕಣ್ಣೊರೆಸಿಕೊಳ್ಳುತ್ತ, "ಹಮಾರೇಮೆ ಭೀ ಐಸಾಚ್ ಗಾತೇ, ನಮ್ಮ ಮದಿವ್ಯಾಗೂ ಹಿಂಗೇ ಬೈತಾರವ್ವ" ಎಂದಳು. ನೀನು ಒಂದರ ಮೇಲೊಂದು ಹಾಡಿದೆ. ಅತ್ತೆಯ ಮೂಗು, ಅತ್ತೆಯ ಎಮ್ಮೆ, ಮಾವನ ಗೊರಕೆ, ಯಾವುದನ್ನೂ ಬಿಡಲಿಲ್ಲ. ಅತ್ತೆ ಸೆರಗು ಸಿಕ್ಕಿಸಿ ನಿಂತು ಒಂದೇ ಒಂದು ಹಾಡಿದರು:

ಔರಾದದ ಬೀಗತಿ ಹೊತ್ತ ತಂದ ಗಂಟ
ಬಿಚ್ಚಿ ನೋಡಿದರ ಬರಿ ಗಾಳಿ

ಅಷ್ಟಕ್ಕೆ ನೀನು ಚೀಲ ಎತ್ತಿಕೊಂಡು ಹೊರಟೇಬಿಟ್ಟೆ! ಅಂಗಳದಲ್ಲಿ ನಿನ್ನ ಅಳಿಯ ಅಡ್ಡ ನಿಂತು, "ಅತ್ತಿ, ಹೋಳಿಗಿ ಉಂಡರ ಹೋಗ್ರಿ" ಎಂದರೂ ನಿಲ್ಲಲಿಲ್ಲ.

ಬೀದರಿನಲ್ಲಿ ಬಿ.ಎ. ಓದುವಾಗ ನಮ್ಮ ಮೇಡಂ, ಬೈಗುಳದ ಪದಗಳು ದೃಷ್ಟಿ ತೆಗೆಯಲು ಹುಟ್ಟಿದವು ಎಂದಿದ್ದರು. ನಾನು ಪುಸ್ತಕ ತುಂಬ ಬರೆದುಕೊಂಡು ಬಂದು ಭಾತಂಬ್ರಾದ ಅಜ್ಜಿಗೆ ಓದಿ ಹೇಳಿದ್ದೆ. ಅವಳು ಅಡಿಕೆ ಅಗಿಯುತ್ತ, "ನಿಮ್ಮ ಮೇಡಮಗ ಹೆಣ್ಮಕ್ಕಳಿಲ್ಲೇನ?" ಎಂದು ಕೇಳಿದಳು. ಆಗಿನ ಕಾಲದಲ್ಲಿ ಕೊಟ್ಟ ಮಗಳ ಮನೆಯಲ್ಲಿ ನಿಂತು ನನ್ನ ಮಗಳಿಗೆ ಹೊಟ್ಟೆ ತುಂಬ ಹಾಕುತ್ತೀರೋ ಇಲ್ಲವೋ ಎಂದು ಬಾಯಿಬಿಟ್ಟು ಕೇಳುವಂತಿರಲಿಲ್ಲವಂತೆ. ಅದಕ್ಕೇ ಸಾರಿನಲ್ಲಿ ಬೇಳೆ ಹುಡುಕುವ ಪದ. ಬೀಗತಿ ತಿರುಗಿ ಗಂಟಿನ ಪದ ಹಾಡಿದರೆ, ಗಂಟು ಬೇಡ, ನೀನು ಬಂದರೆ ಸಾಕು ಎಂದು ಅರ್ಥವಂತೆ. ಇದನ್ನೆಲ್ಲ ಕೇಳುತ್ತ ನೀನು ಅಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದೆ, ತಲೆ ಬೇರೆ ಆಡಿಸುತ್ತಿದ್ದೆ! ಅರ್ಥ ಗೊತ್ತಿದ್ದವಳೇ ಸಿಟ್ಟಾದರೆ ನಾನು ಯಾರ ಮುಂದೆ ಹೇಳಿಕೊಳ್ಳಲಿ?

ಈಗ ನನ್ನ ಪಾಡು ಕೇಳು. ಈ ಮನೆಯಲ್ಲಿ ಶುರುವಾದ ಪದ ಮುಗಿಯದೆ ಕೂಸನ್ನು ತೊಟ್ಟಿಲಿಗೆ ಹಾಕುವುದಿಲ್ಲ. ಕೂಸನ್ನು ಹರಸುವ ಕಡೆಯ ಪದವನ್ನು ತಾಯಿಯ ತಾಯಿ ತೊಟ್ಟಿಲ ಹಗ್ಗ ಹಿಡಿದು ಹಾಡಬೇಕು, ಆಮೇಲೆ ಇವರ ಅಕ್ಕ ಸಿದ್ದೇಶ್ವರಿ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕು. ಅವರು ಬೆಳಗಿನ ಮೊದಲ ಬಸ್ಸಿಗೆ ಬೀದರಿಗೆ ಹೊರಡುತ್ತಾರೆ. "ನೀವು ಹೇಳಿದರ ಪದಾನೂ ನಾನೇ ಮುಗಸ್ತೇನಿ" ಎಂದು ರಾತ್ರಿ ಅತ್ತೆಗೆ ಹೇಳಿದ್ದಾರೆ. ಅತ್ತೆ ಎದ್ದು ಅಡುಗೆಮನೆಗೆ ಹೋದರು. ನನಗೋ ಕೂಸಿನ ಮೈ ಕೊಂಚ ಬೆಚ್ಚಗಿದೆ ಅನ್ನಿಸುತ್ತದೆ, ಮರುಗಳಿಗೆ ಇಲ್ಲ ಅನ್ನಿಸುತ್ತದೆ. ಹೆಸರಿಲ್ಲದ ಕೂಸನ್ನು ಹೊತ್ತು ಕೂತವಳಿಗೆ ನಿದ್ದೆ ಎಲ್ಲಿಂದ ಬರಬೇಕು?

ಗುಳಿಗೆ ನುಂಗದೆ ಬೆಲ್ಲದ ಚಹಾ ಕುಡಿಯಬೇಡ. ಅನೀಲನಿಗೆ ನನ್ನ ಆಶೀರ್ವಾದ, ಜೊತೆಗೆ ನಾಲ್ಕು ಬೈಗುಳ. ನಿನಗೆ ನಿನ್ನ ಮೊಮ್ಮಗಳ ಒದೆತ, ಈಗ ತಾನೇ ಒದ್ದಳು.

ನಿನ್ನ ಮಗಳು,
ಮೇಘಾ

ತಾ.ಕ.: ಅವ್ವ, ನೀನು ಹೊರಟದ್ದು ಗಂಟಿನ ಪದಕ್ಕಲ್ಲ. ನಾನು ನೋಡಿದೆ. ನಿನ್ನ ಕೈ ಹಗ್ಗಕ್ಕೆ ಹೋಗಿತ್ತು. ಹಿಂದಿನಿಂದ ಒಬ್ಬ ಮುದುಕಿ, "ಮುತ್ತೈದೇರು ಯಾರರ ಹಿಡೀರಿ" ಎಂದಳು. ನೀನು ಬಿಸಿ ತಾಗಿದಂತೆ ಕೈ ಹಿಂದಕ್ಕೆ ತೆಗೆದೆ. ಅಪ್ಪ ಹೋದ ಮೇಲೆ ಎಲ್ಲ ಕಾರ್ಯದಲ್ಲೂ ನೀನೇ ಹಿಂದೆ ಸರಿದು ನಿಲ್ಲುತ್ತೀ, ಇಲ್ಲಿ ಸಿಟ್ಟಿನ ನೆಪ ಮಾಡಿದೆ. ನೀನು ಹೋದ ಮೇಲೆ ಆದದ್ದು ನಿನಗೆ ಗೊತ್ತಿಲ್ಲ. ಅತ್ತೆ ಆ ಮುದುಕಿಯ ಎದುರು ನಿಂತು, "ಹಡದ ಮಗಳ ಕೂಸಿಗಿ ಆಕಿ ಹಗ್ಗ ಹಿಡೀಬಾರದೇನ್ರಿ? ನಿಮ್ಮ ಎಲಿ ಅಡಿಕಿ ತಗೋರಿ, ಹೊಂಡ್ರಿ" ಎಂದರು. ಈಗಲೂ ಅಡುಗೆಮನೆಯಲ್ಲಿ ದೀಪ ಹಚ್ಚಿಕೊಂಡು ಎಚ್ಚರವಿದ್ದಾರೆ, ಔರಾದದ ಫೋನ್ ಬಂತೇ ಎಂದು ಎರಡು ಸಲ ಬಂದು ಕೇಳಿದರು. ನೀನು ಹೂಂ ಅಂದರೆ ಸಿದ್ದೇಶ್ವರಿ ಮುಂದಿನ ಬಸ್ಸಿಗೆ ಹೋಗುತ್ತಾರೆ, ಅನೀಲ ನಿನ್ನನ್ನು ಬೈಕಿನಲ್ಲಿ ಕರೆತರುತ್ತಾನೆ. ಬೆಳಗಾಗುವುದರೊಳಗೆ ಫೋನ್ ಮಾಡು ಅವ್ವ. ಬೇರೇನೂ ಮಾತಾಡಬೇಡ, ಬರ್ತೇನಿ ಅಂತ ಅಷ್ಟೇ ಹೇಳು.