ತಿಪ್ಪೆಯೊಳಗಿನ ಟ್ಯೂಬು

ಮದ್ದೂರು, 12-5-75, ಸೋಮವಾರ

ಹಾಲು ಉಕ್ಕಿತು. ಒರೆಸಿದೆ. ಅಡುಗೆಮನೆಯ ಟ್ಯೂಬ್‌ಲೈಟು ಕೊನೆಗೂ ಸತ್ತಿತು. ಇವರು ಮಂಡ್ಯದಿಂದ ಹೊಸದು ತಂದು ಹಾಕಿದರು. ಹಳೇದನ್ನು ಹಿಡಿದು ಎಲ್ಲಿಡಲಿ, ಎಲ್ಲಿಡಲಿ ಅಂತ ಓಡಾಟ. ತಿಪ್ಪೆಗೆ ಹಾಕಿ ಬನ್ನಿ ಅಂತ ಗದರಿದೆ. ಹೊಸ ಬೆಳಕಿನಲ್ಲಿ ಸಾರಿನ ಬಣ್ಣವೇ ಚೆಂದ. ಖುಷಿ.

14-5-75, ಬೆಳಿಗ್ಗೆ

ಸ್ಕೂಲಿಗೆ ರಜ. ಜೂನಿಗೆ ಬೇಕಾದ ನೋಟ್ಸ್ ಬರೆಯುತ್ತ ಕೂತೆ — ಪಾದರಸ. ವಿಷ. ಆವಿಯಾಗುತ್ತದೆ. ಬರಿಗೈಲಿ ಮುಟ್ಟಬಾರದು. ಉಪಯೋಗ: ಥರ್ಮಾಮೀಟರು, ಟ್ಯೂಬ್‌ಲೈಟು... ಪೆನ್ನು ನಿಂತಿತು. ಅಯ್ಯೋ, ನನ್ನ ಬುದ್ಧಿಗಿಷ್ಟು!

ತಿಪ್ಪೆ ನಮ್ಮದಲ್ಲ, ಮನೆ ಓನರ್ ಮಂಗಳಮ್ಮನವರದು. ನಾಳೆ ಗೊಬ್ಬರ ಗದ್ದೆಗೆ ಹೋಗುತ್ತದೆ. ಕೂಲಿಯ ಅಂಕಮ್ಮ ಬರಿಗೈಲಿ ಹರಡುತ್ತಾಳೆ. ಟ್ಯೂಬು ಒಡೆದರೆ ಗಾಜು, ಪಾದರಸ, ಎಲ್ಲ ಅವಳ ಕೈಗೆ. ಇವರನ್ನು ಕೇಳಿದರೆ, ಯಾರೂ ತುಳಿಯಬಾರದು ಅಂತ ನೆಟ್ಟಗೆ ಒಳಕ್ಕೆ ತೂರಿಸಿದೆನಲ್ಲ ಅಂತಾರೆ. ಹೆಮ್ಮೆ ಬೇರೆ!

ಸಂಜೆ

ಇವರು ಗುಟ್ಟಾಗಿ ಹೋಗಿ ಕೆದಕಿ ಬಂದರು. ಸಿಗಲಿಲ್ಲ. ಮೇಲೆ ಎರಡು ದಿನದ ಸಗಣಿ ಬಿದ್ದಿದೆ. ಮಂಗಳಮ್ಮನವರಿಗೆ ಹೇಳಬೇಕು. ಸೈನ್ಸ್ ಟೀಚರು ನಮ್ಮ ಮನೇಲಿದ್ದಾರೆ ಅಂತ ಬೀದಿಗೆಲ್ಲ ಹೇಳಿಕೊಂಡು ಬರುವ ಹೆಂಗಸು. ಯಾವ ಮುಖ ಇಟ್ಟುಕೊಂಡು ಹೇಳಲಿ? ಬೆಳಿಗ್ಗೆ ಹೇಳಿದರಾಯಿತು.

15-5-75

ಹೇಳುವಷ್ಟರಲ್ಲಿ ಗಾಡಿ ಬಂದಿತ್ತು. ಅಂಕಮ್ಮ ಮಂಕರಿಗೆ ಗೊಬ್ಬರ ತುಂಬಲು ಬಗ್ಗಿದ್ದಳು. ಬಾಗಿಲಿಂದಲೇ ಕೂಗಿ ನಿಲ್ಲಿಸಿದೆ. ಎಲ್ಲ ಒಪ್ಪಿಕೊಂಡೆ.

“ಓದ್ಸೋರೇ ಇಂಗ್ ಮಾಡುದ್ರೆ ನಾವೇನ್ ಮಾಡಾದು ಟೀಚ್ರಮ್ಮ?” ಅಂದರು ಮಂಗಳಮ್ಮ. ತಲೆ ತಗ್ಗಿಸಿದೆ. ಆದರೂ ಗಾಡಿ ತಡೆದರು, ಪುಣ್ಯಾತ್ಗಿತ್ತಿ.

ಇವರು ಪಂಚೆ ಎತ್ತಿ ಕಟ್ಟಿ, ಕೈಗೆ ಗೋಣಿ ಸುತ್ತಿ ಒಂದು ಗಂಟೆ ಬಗೆದರು. ಸಿಕ್ಕಿತು. ಇಡಿಯಾಗಿ! ಅಳು ಬಂತು ನನಗೆ. ಅಂಕಮ್ಮ ನೋಡುತ್ತ ನಿಂತಿದ್ದಳು.

23-5-75

ಟ್ಯೂಬು ಪೇಪರಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದೇವೆ. ಮಂಡ್ಯದ ಅಂಗಡಿಯಲ್ಲಿ ಕೇಳಿದರೆ ಒಡೆದು ಚರಂಡಿಗೆ ಹಾಕಿ ಅಂದರಂತೆ. ಹಾಕಲ್ಲ. ಇರಲಿ ಅಲ್ಲೇ.

ಈಗಷ್ಟೇ ಅಂಕಮ್ಮ ಬಂದಿದ್ದಳು. ಸೆರಗಿನಲ್ಲಿ ಎರಡು ಸತ್ತ ಟ್ಯೂಬು. ಅಕ್ಕಿ ಮಿಲ್ಲಿನವರು ತಿಪ್ಪೆಗೆ ಎಸೆಯುತ್ತಿದ್ದರಂತೆ, ಬೇಡಿ ತಂದಳಂತೆ. ಇಷ್ಟು ದೂರ, ಈ ಬಿಸಿಲಲ್ಲಿ ಯಾಕೆ ಹೊತ್ತು ತಂದೆ ಅಂದೆ.

“ಇಪ್ಪತ್ ವರ್ಸದಿಂದ ತಿಪ್ಪೇಲಿ ಕೈ ಆಡುಸ್ತಿವ್ನಿ ಕಣವ್ವ. ನನ್ ಕೈಗ್ ಏನಾದ್ರೂ ಆದಾತು ಅಂತ ಗಾಡಿ ನಿಲ್ಸಿದ್ದು ನೀನೊಬ್ಳೇಯ.”

ತಪ್ಪು ನನ್ನದೇ ಕಣೇ ಅಂದೆ. ನಕ್ಕಳು. ಕಾಫಿ ಕುಡಿದು ಹೋದಳು. ಎರಡೂ ಟ್ಯೂಬು ನನ್ನ ತೊಡೆಯ ಮೇಲಿವೆ, ಏಳೋ ಹಾಗಿಲ್ಲ. ಇವರು ಬರಲಿ, ಏಣಿ ಹಾಕಿಸಿ ಅಟ್ಟದ ಮೇಲೆ —