ಅವ್ವನ ನೀಲಿ ಮೆತ್ತೆ

ಅವ್ವಾ,

ಈ ಪಾಪಿ ಕೈಗಳು ಇಂದು ಬೆಳಗಿನ ಜಾವ ದೇವರ ಮನೆಯಲ್ಲೇ ಕಳ್ಳತನ ಮಾಡಿವೆ. ಚರ್ಚಿನಲ್ಲಿ ನೀನು ಮೊಣಕಾಲೂರುತ್ತಿದ್ದ ನೀಲಿ ಮೆತ್ತೆಯನ್ನು ಕೋಟಿನೊಳಗೆ ಬಚ್ಚಿಟ್ಟು ತಂದಿದ್ದೇನೆ. ನೀನು ತೀರಿಕೊಂಡ ಮೇಲೆ ಅದರ ಮೇಲೆ ಯಾರೂ ಕೂತಿರಲಿಲ್ಲ.

ನಮ್ಮ ದ್ವೀಪದ ಚರ್ಚನ್ನು ಮುಚ್ಚಿ ಆಚೆ ದಡದ ಮೊಕ್ಪೊ ಪಟ್ಟಣದ ಚರ್ಚಿಗೆ ಸೇರಿಸುವುದೋ ಬೇಡವೋ ಎಂದು ಭಾನುವಾರ ತೀರ್ಮಾನ. ಅದಕ್ಕೇ ಮುಂಜಾವಿನ ಪ್ರಾರ್ಥನೆಗೆ ಎಲ್ಲರಿಗೂ ಕರೆ. ಎಲ್ಲರೂ ಎಂದರೆ ಒಂದು ದೋಣಿ ತುಂಬುವಷ್ಟು ಜನ. ನನ್ನನ್ನು ಕಂಡದ್ದೇ ಮಾಲ್ಜಾ ಅಜ್ಜಿ, "ಬಾರೋ ಮಹಾರಾಯ! ನಿಮ್ಮವ್ವ ಕರೆದೂ ಕರೆದೂ ಗಂಟಲು ಹರ್ಕೊಂಡ್ಳು. ಈಗ ದಾರಿ ಸಿಕ್ತಾ?" ಎಂದಳು.

"ಸುಮ್ನೆ ನೋಡೋಕೆ ಬಂದೆ ಅಜ್ಜಿ. ಕಣ್ಣೀರು ನಿಮ್ಮ ಇಲಾಖೆ, ನನ್ನದಲ್ಲ" ಎಂದು ಬೀಗಿ, ನಿನ್ನ ಮೆತ್ತೆಯ ಮೇಲೆ ಕುಳಿತೆ.

ಪಾದ್ರಿ ಮೂರು ಸಲ "ಕರ್ತನೇ!" ಎಂದು ಕೂಗಿಸಿದರು. ಆಮೇಲೆ ನಿನಗೆ ಗೊತ್ತಲ್ಲ, ಎಲ್ಲರೂ ಒಟ್ಟಿಗೇ, ಅವರವರ ಮಾತಿನಲ್ಲಿ, ಗಟ್ಟಿಯಾಗಿ ಪ್ರಾರ್ಥನೆ. ಸೋರುವ ಮಾಡು, ಸಿಗದ ಮೀನು, ಬಾರದ ಮೊಮ್ಮಕ್ಕಳು ಎಲ್ಲವೂ ಕಲೆತು ಒಂದೇ ಅಲೆಯಾಯಿತು. ಕಿಟಕಿಯಾಚೆಯ ಮಂಜಿನಲ್ಲಿ ಚರ್ಚು ದೋಣಿಯಂತೆ ಲಂಗರು ಕಿತ್ತು ಮೆಲ್ಲಗೆ ತೇಲಿತು. ಆ ಅಲೆಯೊಳಗೆ ಒಂದು ದನಿ ನಿನ್ನದೇ ಇತ್ತು. ನಾನೂ ದನಿಗೂಡಿಸಿದೆ.

ನಿಲ್ಲಿಸಲು ಪಾದ್ರಿ ಗಂಟೆ ಬಾರಿಸಿದರಂತೆ, ನನಗೆ ಕೇಳಲಿಲ್ಲ. ಎಲ್ಲರೂ ಸುಮ್ಮನಾದ ಮೇಲೂ ನಾನೊಬ್ಬನೇ, "ಮುಚ್ಚಿಸ್ಬೇಡಪ್ಪಾ, ಅವ್ವ ನಂಗೆ ಇನ್ನೆಲ್ಲಿ ಸಿಗ್ತಾಳೆ!" ಎಂದು ನಿನ್ನ ಮೆತ್ತೆಗೆ ಮುಖವೊತ್ತಿ ಅರಚುತ್ತಿದ್ದೆ.

ಯಾರೂ ನಗಲಿಲ್ಲ. ಅಜ್ಜಿ "ಆಮೆನ್" ಎಂದಳು. ಉಳಿದವರೂ ಎಂದರು.

ಮೆತ್ತೆ ಈಗ ಮೀನು ಒಣಗಿಸುವ ಹಗ್ಗದ ಮೇಲಿದೆ. ನಾಳೆ ಮುಂಜಾವಿಗೆ ಚರ್ಚಿನಲ್ಲಿ ನಿನ್ನ ಜಾಗದಲ್ಲೇ ಇಡುತ್ತೇನೆ. ಅಷ್ಟೊಂದು ಒದ್ದೆ ಮಾಡಿ ಬಿಟ್ಟುಬರಲು ನಾಚಿಕೆಯಾಯಿತು ಕಣವ್ವಾ.